ಮುಂಗಡ ಕಿಡಿ: ‘ಟೈಮಿಂಗ್ ಅಡ್ವಾನ್ಸ್’ ಅಂದರೆ ಏನು?

ಅಡ್ವಾನ್ಸ್ ಅನ್ನುವ ಪದ ನಮಗೆ ಹೊಸದೇನಲ್ಲ. ಬಾಡಿಗೆ ಮನೆ ಹಿಡಿಯುವಾಗ ಅಡ್ವಾನ್ಸ್ ಕೊಡುತ್ತೇವೆ. ಮದುವೆ ಮಂಟಪಕ್ಕೆ ಕೊಡುತ್ತೇವೆ. ತೊಗರಿ ರಾಶಿ ಮಾಡುವ ಮಷಿನ್ನಿನವರಿಗೆ ಕೊಡುತ್ತೇವೆ. ಕೆಲಸ ಆಗುವ ಮೊದಲೇ ಕೈಯಿಂದ ಹೋಗುವ ದುಡ್ಡು ಅದು. ಕಲಬುರಗಿಯ ಗ್ಯಾರೇಜಿನಲ್ಲಿ ಮಿಸ್ತ್ರಿ ‘ಟೈಮಿಂಗ್ ಸ್ವಲ್ಪ ಅಡ್ವಾನ್ಸ್ ಮಾಡೀನ್ರಿ’ ಅಂದಾಗಲೂ ಅರ್ಥ ಇದೇ. ಅಲ್ಲಿ ಮುಂಗಡವಾಗಿ ಹೋಗುವುದು ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಪ್ಲಗ್ಗಿನ ಕಿಡಿ.

ಯಾವುದಕ್ಕಿಂತ ಮುಂಗಡ? ಸಿಲಿಂಡರ್ ಅನ್ನುವ ಕೊಳವೆಯೊಳಗೆ ಏರಿಳಿಯುವ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕಿಂತ. ಆ ತುದಿಗೆ ಮಿಸ್ತ್ರಿಗಳು ‘ಟಾಪ್’ ಅನ್ನುತ್ತಾರೆ. ಟಾಪ್‌ಗಿಂತ ಎಷ್ಟು ಮೊದಲು ಕಿಡಿ ಬಿತ್ತು ಅನ್ನುವುದನ್ನು ಕ್ರ್ಯಾಂಕ್ (ಪಿಸ್ಟನ್ ಏರಿಳಿದಂತೆ ತಿರುಗುವ ದಂಡ) ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ. ‘10 ಡಿಗ್ರಿ ಅಡ್ವಾನ್ಸ್’ ಅಂದರೆ, ಕ್ರ್ಯಾಂಕ್ ಇನ್ನೂ 10 ಡಿಗ್ರಿ ತಿರುಗಿದರೆ ಪಿಸ್ಟನ್ ಟಾಪ್‌ಗೆ ಬರುತ್ತದೆ ಅನ್ನುವಾಗಲೇ ಕಿಡಿ ಹೊತ್ತಿತು ಅಂತ. ಇದ್ದ ಜಾಗದಿಂದ ಕಿಡಿಯನ್ನು ತಡ ಮಾಡಿದರೆ ಅದು ‘ರಿಟಾರ್ಡ್’.

ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಬೆಂಕಿ ಯಾಕೆ ಹಚ್ಚಬೇಕು? ಕೇಳಿದರೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಸಿಲಿಂಡರಿನಲ್ಲಿ ಪೆಟ್ರೋಲು ಢಂ ಅಂತ ಸಿಡಿಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಸರಿಯಾಗಿರುವ ಎಂಜಿನ್ನಿನಲ್ಲಿ ಅದು ಸಿಡಿಯುವುದಿಲ್ಲ, ಉರಿಯುತ್ತದೆ. ಒಣಗಿದ ಜೋಳದ ದಂಟಿಗೆ ಒಂದು ಮೂಲೆಯಲ್ಲಿ ಬೆಂಕಿ ಹಚ್ಚಿದರೆ ಅದು ಹರಡುತ್ತಾ ಆ ತುದಿಗೆ ಹೋಗುತ್ತದಲ್ಲ, ಹಾಗೆ. ಪ್ಲಗ್ಗಿನ ಹತ್ತಿರ ಹೊತ್ತಿದ ಬೆಂಕಿ ಸಿಲಿಂಡರಿನ ಗೋಡೆಯವರೆಗೆ ಹರಡಬೇಕು. ಅದಕ್ಕೆ ಸುಮಾರು ಎರಡು ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಮನುಷ್ಯನಿಗೆ ಅದು ಏನೂ ಅಲ್ಲ. ಎಂಜಿನ್ನಿಗೆ ಬಹಳ ಹೊತ್ತು.

ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಜೀಕುವವರನ್ನು ಹಿಂದಿನಿಂದ ನೂಕಬೇಕು. ಜೋಕಾಲಿ ನಮ್ಮ ಕಡೆ ಬರುತ್ತಿರುವಾಗಲೇ ನೂಕಿದರೆ ನಮ್ಮ ಕೈಗೆ ಪೆಟ್ಟು, ಜೋಕಾಲಿಗೂ ತಡೆ. ಅದು ಹೋಗಿಬಿಟ್ಟ ಮೇಲೆ ನೂಕಿದರೆ ಕೈ ಗಾಳಿಗೆ ತಾಗುತ್ತದೆ. ಬಂದು, ನಿಂತು, ತಿರುಗಿ ಹೊರಟ ಆ ಕ್ಷಣದಲ್ಲಿ ನೂಕಿದರೆ ಸಣ್ಣ ಹುಡುಗ ಕೂಡ ದೊಡ್ಡವರನ್ನು ಮೇಲೆ ಕಳಿಸಬಲ್ಲ. ಆದರೆ ಆ ಕ್ಷಣಕ್ಕೆ ಕೈ ತಾಗಬೇಕಾದರೆ ಅದಕ್ಕಿಂತ ಮೊದಲೇ ಕೈ ಚಾಚಲು ಶುರು ಮಾಡಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ ತುದಿಗೇರಬೇಕಾದ್ದು ಪಿಸ್ಟನ್ ಟಾಪ್ ದಾಟಿ ಸುಮಾರು 15 ಡಿಗ್ರಿ ಇಳಿದಾಗ. ಆಗ ನೂಕಿದ್ದೆಲ್ಲ ಗಾಡಿ ಎಳೆಯಲು ಹೋಗುತ್ತದೆ. ಅದಕ್ಕಾಗಿಯೇ ಈ ಮುಂಗಡ.

ಈಗ ಒಂದು ಸಣ್ಣ ಲೆಕ್ಕ. ಎಂಜಿನ್ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಆನ್ ಇರುವಾಗ, ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ತಿರುಗುವುದು 4.8 ಡಿಗ್ರಿ. 3000 ಸುತ್ತಿಗೆ ಹೋದರೆ ಅದೇ ಹೊತ್ತಿನಲ್ಲಿ 18 ಡಿಗ್ರಿ. ವೇಗ ಹೆಚ್ಚಿದಾಗ ಸಿಲಿಂಡರಿನ ಒಳಗೆ ಗಾಳಿ ಜಾಸ್ತಿ ಸುಳಿಯುತ್ತದೆ, ಬೆಂಕಿಯೂ ಚುರುಕಾಗಿ ಹರಡುತ್ತದೆ. ಹಾಗಾಗಿ ಅಡ್ವಾನ್ಸನ್ನು ಲೆಕ್ಕದಷ್ಟೇ ಹೆಚ್ಚಿಸಬೇಕಿಲ್ಲ. ಆದರೂ ಹೆಚ್ಚಿಸಲೇಬೇಕು. ಐಡಲ್‌ನಲ್ಲಿ 5ರಿಂದ 10 ಡಿಗ್ರಿ ಇರುವ ಹಳೇ ಕಾರಿಗೆ ಜೋರಾಗಿ ಓಡುವಾಗ 30 ಡಿಗ್ರಿ ಆಸುಪಾಸು ಬೇಕಾಗುತ್ತದೆ.

ಮೊದಲೆಲ್ಲ ಈ ಕೆಲಸ ಡ್ರೈವರನದೇ ಆಗಿತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟೇರಿಂಗಿನ ಎಡಕ್ಕೆ ಒಂದು ಸಣ್ಣ ಹಿಡಿಕೆ ಇತ್ತು. ವೇಗ ಏರಿದಂತೆ ಅದನ್ನು ಸರಿಸಿ ಕಿಡಿಯನ್ನು ಮುಂದಕ್ಕೆ ತರಬೇಕು. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ಕಿಡಿಯನ್ನು ತಡಕ್ಕೆ ಸರಿಸಿರಬೇಕು. ಮರೆತರೆ ಬೆಂಕಿ ಮೊದಲೇ ಹೊತ್ತಿ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು, ಕೈಮೂಳೆ ಮುರಿಯುತ್ತಿತ್ತು. ಅಡ್ವಾನ್ಸ್ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದೆ ಆ ಹಿಡಿಕೆಯ ಕೆಲಸ, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ಹೋಯಿತು. ಕಾರ್ಬೊರೇಟರ್ (ಗಾಳಿ, ಪೆಟ್ರೋಲು ಬೆರೆಸುವ ಭಾಗ) ಇದ್ದ ಮಾರುತಿ 800, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್‌ಗಳಲ್ಲಿ ನಾವು ನೋಡಿದ್ದು ಇದನ್ನೇ. ಒಳಗೆ ಎರಡು ಸಣ್ಣ ತೂಕಗಳು, ಅವುಗಳನ್ನು ಹಿಡಿದ ಸ್ಪ್ರಿಂಗುಗಳು. ವೇಗ ಏರಿದಾಗ ತೂಕಗಳು ಹೊರಕ್ಕೆ ಚಾಚಿ ಕಿಡಿಯನ್ನು ಮುಂದಕ್ಕೆ ತರುತ್ತವೆ. ಪಕ್ಕದಲ್ಲಿ ತಟ್ಟೆಯಂಥ ಒಂದು ಡಬ್ಬಿ, ಅದರಿಂದ ಕಾರ್ಬೊರೇಟರಿಗೆ ಒಂದು ರಬ್ಬರ್ ಪೈಪು. ಎಂಜಿನ್ ಗಾಳಿ ಹೀರುವ ಸೆಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ ನಡೆಯುವ ಅದು ವ್ಯಾಕ್ಯೂಮ್ ಅಡ್ವಾನ್ಸ್. ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಹೋಗುವಾಗ ಸಿಲಿಂಡರಿಗೆ ಬರುವ ಮಿಶ್ರಣ ಕಡಿಮೆ, ಅದು ನಿಧಾನ ಉರಿಯುತ್ತದೆ. ಆಗ ಈ ಡಬ್ಬಿ ಇನ್ನಷ್ಟು ಅಡ್ವಾನ್ಸ್ ಸೇರಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ವ್ಯಾಕ್ಯೂಮ್ ಬಿದ್ದು ಆ ಹೆಚ್ಚುವರಿ ಹೊರಟುಹೋಗುತ್ತದೆ. ಕಂಪ್ಯೂಟರ್ ಇಲ್ಲದೆ, ಬರೀ ತೂಕ, ಸ್ಪ್ರಿಂಗು, ಪೈಪಿನಲ್ಲಿ ಇಷ್ಟು ವಿವೇಕ ಇಟ್ಟಿದ್ದಾರೆ! ಆ ಪೈಪು ಬಿರುಕು ಬಿಟ್ಟು ಎಷ್ಟೋ ಗಾಡಿಗಳ ಮೈಲೇಜ್ ಬಿದ್ದಿರುತ್ತದೆ, ಯಾರೂ ಅದನ್ನು ನೋಡಿರುವುದಿಲ್ಲ.

ಮಿಸ್ತ್ರಿ ‘ಟೈಮಿಂಗ್ ಅಡ್ವಾನ್ಸ್’ ಮಾಡುವಾಗ ಬೋಲ್ಟ್ ಸಡಿಲಿಸಿ ಇಡೀ ಡಿಸ್ಟ್ರಿಬ್ಯೂಟರನ್ನೇ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಒಳಗಿನ ರೋಟರ್ ಯಾವ ಕಡೆ ತಿರುಗುತ್ತದೋ ಅದಕ್ಕೆ ಎದುರು ತಿರುಗಿಸಿದರೆ ಅಡ್ವಾನ್ಸ್, ಅದೇ ಕಡೆಗೆ ತಿರುಗಿಸಿದರೆ ರಿಟಾರ್ಡ್. ಇಲ್ಲಿ ಎರಡು ಮಾತು ಗಮನದಲ್ಲಿರಲಿ. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಅಲ್ಲಿ ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ ಸರಿಯುತ್ತದೆ. ಇನ್ನೊಂದು, ಐಡಲ್‌ನಲ್ಲಿ 4 ಡಿಗ್ರಿ ಸೇರಿಸಿದರೆ ಅದು ಐಡಲ್‌ನಲ್ಲಷ್ಟೇ ಉಳಿಯುವುದಿಲ್ಲ. 30 ಇದ್ದ ಕಡೆಯೂ 34 ಆಗುತ್ತದೆ.

ನಮ್ಮ ಮನೆಯಲ್ಲಿ ಒಂದು ಹಳೇ ಮಾರುತಿ 800 ಇತ್ತು. ಕಂಪನಿಯಿಂದ ಬಂದಂತೆಯೇ ಇದ್ದ ಎಂಜಿನ್ನು, ಏನೂ ಬದಲಾಯಿಸಿರಲಿಲ್ಲ. ಪಿಕಪ್ ಕಡಿಮೆಯಾಗಿದೆ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಕೊಟ್ಟರು. ಬೆಳಿಗ್ಗೆ ರಿಂಗ್ ರೋಡಿನಲ್ಲಿ ಓಡಿಸಿದರೆ ಗಾಡಿ ಚಿಮ್ಮುತ್ತಿತ್ತು, ನನಗೆ ಖುಷಿಯೋ ಖುಷಿ. ಮುಂದಿನ ವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೀದರಿನ ಝರಣಿ ನರಸಿಂಹನಿಗೆ ಹೊರಟೆವು. ಏಪ್ರಿಲ್ ತಿಂಗಳು, ಮಧ್ಯಾಹ್ನದ ಬಿಸಿಲು, ಐದು ಜನ. ಕಮಲಾಪುರ ದಾಟಿದ ಮೇಲೆ ಏರು ಬಂದಾಗ ಬಾನೆಟ್ಟಿನ ಕೆಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಶುರುವಾಯಿತು. ಬಿದರಿ ಕೆಲಸದವರು ಸಣ್ಣ ಉಳಿಗೆ ಸುತ್ತಿಗೆ ತಾಗಿಸುತ್ತಾರಲ್ಲ, ಹಾಗೆ. ಕಾಲು ಎತ್ತಿದರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಹುಮನಾಬಾದಿನಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಬಾನೆಟ್ ತೆಗೆದು ನೋಡಿದರು.

‘ಯಾರು ಮುಟ್ಯಾರ ಇದಕ್ಕ? ಭಾಳ ಮುಂದ ಹೊಂಟದ.’

‘ಪಿಕಪ್ ಸಲುವಾಗಿ ಮಾಡ್ಸೀನ್ರಿ ಕಾಕಾ.’

‘ಪಿಕಪ್ ಬೇಕಂದ್ರ ಮೊದಲ ಪಾಯಿಂಟ್ ನೋಡ್ಬೇಕು ತಮ್ಮಾ. ಆಮ್ಯಾಲೆ ಟೈಮಿಂಗ್.’

ಆ ಟಿಕ್ ಟಿಕ್‌ಗೆ ನಾಕಿಂಗ್ ಅನ್ನುತ್ತಾರೆ. ಕಿಡಿ ಬಹಳ ಮೊದಲೇ ಬಿದ್ದರೆ, ಪಿಸ್ಟನ್ ಮೇಲೇರಿ ಒತ್ತುತ್ತಿರುವಾಗಲೇ ಬೆಂಕಿಯೂ ಒತ್ತುತ್ತದೆ. ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಈ ಒತ್ತಡ, ಬಿಸಿ ತಡೆಯಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಬಿಡುತ್ತದೆ. ಇದು ಮಾತ್ರ ನಿಜವಾದ ಸಿಡಿತ. ಸಿಲಿಂಡರಿನ ಬೆಂಕಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲ್ಯೂಮಿನಿಯಮ್ ಕರಗುವುದು 660ಕ್ಕೆ. ಆದರೂ ಪಿಸ್ಟನ್ ಉಳಿಯಲು ಒಂದು ಕಾರಣ ಅದರ ಮೈಗೆ ಅಂಟಿಕೊಂಡ ಗಾಳಿಯ ತೆಳು ಪದರ. ನಾಕಿಂಗಿನ ಅಲೆ ಆ ಪದರವನ್ನೇ ಒರೆಸಿಹಾಕುತ್ತದೆ. ಹಾಗೆಯೇ ಓಡಿಸುತ್ತಿದ್ದರೆ ಪಿಸ್ಟನ್ ತಲೆಯಲ್ಲಿ ಕಚ್ಚಿದಂಥ ಗುಳಿಗಳು, ಮುರಿದ ರಿಂಗು, ಹೋದ ಹೆಡ್ ಗ್ಯಾಸ್ಕೆಟ್.

ನಮ್ಮ ಊರಿನವರು ಇದನ್ನು ಯಾಕೆ ಹೆಚ್ಚು ಯೋಚಿಸಬೇಕು ಅಂದರೆ, ನಮ್ಮ ಬಿಸಿಲು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಸಾಮಾನ್ಯ. ಒಳಗೆ ಹೋಗುವ ಗಾಳಿಯೇ ಕಾದಿರುತ್ತದೆ. ಕಾದ ಗಾಳಿಗೆ ನಾಕಿಂಗ್ ಬೇಗ ಬರುತ್ತದೆ. ಕಂಪನಿಯವರು ಸ್ಟಾಕ್ ಎಂಜಿನ್ನಿನ, ಅಂದರೆ ಏನೂ ಬದಲಾಯಿಸದ ಎಂಜಿನ್ನಿನ ಟೈಮಿಂಗನ್ನು ಪೂರ್ತಿ ಅಂಚಿಗೆ ಇಟ್ಟಿರುವುದಿಲ್ಲ. ಬಿಸಿಲು, ಭಾರ, ಕಳಪೆ ಪೆಟ್ರೋಲು ಎಲ್ಲವನ್ನೂ ನೆನೆದು ಸ್ವಲ್ಪ ಉಳಿಸಿರುತ್ತಾರೆ. ಆ ಉಳಿಕೆ ನೋಡಿಯೇ ‘ಇನ್ನೆರಡು ಡಿಗ್ರಿ ಹಾಕೋಣ’ ಅನ್ನುವ ಆಸೆ ಬರುವುದು. ತಂಪು ಊರಿನಲ್ಲಿ ಅದು ನಡೆದೀತು. ನಮ್ಮಲ್ಲಿ ಆ ಉಳಿಕೆಯ ಬಹುಪಾಲನ್ನು ಬೇಸಿಗೆಯೇ ತಿಂದಿರುತ್ತದೆ. ಸಿಗುವ ಲಾಭವೂ ಸಣ್ಣದು. ಸರಿಯಾದ ಜಾಗದ ಹತ್ತಿರ ಬಂದಮೇಲೆ ಕೊನೆಯ ಒಂದೆರಡು ಡಿಗ್ರಿಗೆ ಎಳೆತ ಹೆಚ್ಚುವುದು ಕೊಂಚವೇ, ನಾಕಿಂಗ್ ಮಾತ್ರ ಬೇಗ ಹತ್ತಿರ ಬರುತ್ತದೆ.

ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದರೆ? ಆಕ್ಟೇನ್ ಅನ್ನುವುದು ಪೆಟ್ರೋಲಿನ ಶಕ್ತಿಯ ಅಳತೆ ಅಂತ ತಿಳಿಯುವುದು ತಪ್ಪು. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಅದು. ನಾಕಿಂಗ್ ಇಲ್ಲದ ಸ್ಟಾಕ್ ಎಂಜಿನ್ನಿಗೆ ದುಬಾರಿ ಪೆಟ್ರೋಲ್ ಸುಮ್ನೆ ಖರ್ಚು.

ಹುಮನಾಬಾದಿನ ಕಾಕಾ ಪಾಯಿಂಟ್ ಅಂದಿದ್ದು ಯಾಕೆ ಅನ್ನುವುದು ನನಗೆ ಆಮೇಲೆ ತಿಳಿಯಿತು. ಕಾಂಟ್ಯಾಕ್ಟ್ ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರಿನ ಒಳಗಿನ ಒಂದು ಸಣ್ಣ ಸ್ವಿಚ್ಚು, ಅದು ತೆರೆದಾಗ ಕಿಡಿ ಹುಟ್ಟುತ್ತದೆ. ಅದು ಇರುವ ಡಿಸ್ಟ್ರಿಬ್ಯೂಟರಿನಲ್ಲಿ, ಅದನ್ನು ತೆರೆಯುವ ಕ್ಯಾಮಿಗೆ ಉಜ್ಜುವ ಸಣ್ಣ ತುಂಡು ಸವೆಯುತ್ತಾ ಹೋಗುತ್ತದೆ. ಸವೆದಷ್ಟೂ ಪಾಯಿಂಟ್ ಗ್ಯಾಪ್ ಕಡಿಮೆಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಾನಾಗಿಯೇ ರಿಟಾರ್ಡ್ ಆಗುತ್ತದೆ. ಗಾಡಿ ಮಂಕಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಆದ್ದರಿಂದ ‘ಅಡ್ವಾನ್ಸ್ ಮಾಡಿದ ಮೇಲೆ ಗಾಡಿ ಹೊಸದಾಯಿತು’ ಅನ್ನುವ ಕಥೆಗಳಲ್ಲಿ ಹೆಚ್ಚಿನವು, ನನ್ನ ಪ್ರಕಾರ, ಕಳೆದುಹೋಗಿದ್ದನ್ನು ವಾಪಸ್ ತಂದ ಕಥೆಗಳೇ. ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಸಾಲು ತಿರುಗಿಸಬಾರದು.

ಈಗಿನ ಕಾರುಗಳಲ್ಲಿ ತಿರುಗಿಸಲು ಡಿಸ್ಟ್ರಿಬ್ಯೂಟರೇ ಇಲ್ಲ. ಇಸಿಯು ಅನ್ನುವ ಎಂಜಿನ್ ಕಂಪ್ಯೂಟರ್ ಒಂದೊಂದು ಕಿಡಿಯ ಹೊತ್ತನ್ನೂ ಲೆಕ್ಕ ಹಾಕುತ್ತದೆ. ತುಂಬಾ ಕಾರುಗಳ ಎಂಜಿನ್ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಇರುತ್ತದೆ. ನಮ್ಮ ಕಿವಿಗೆ ಬೀಳುವ ಮೊದಲೇ ಅದು ಸದ್ದು ಹಿಡಿದು ಕಿಡಿಯನ್ನು ತಡ ಮಾಡಿಸುತ್ತದೆ. ಡೀಸೆಲ್ ಗಾಡಿಗೆ ಕಿಡಿಯೇ ಇಲ್ಲ. ಅಲ್ಲಿ ಟೈಮಿಂಗ್ ಅಂದರೆ ಡೀಸೆಲ್ ಸಿಂಪಡಿಸುವ ಹೊತ್ತು.

ಹಳೇ ಗಾಡಿ ಇಟ್ಟುಕೊಂಡವರು ಮಿಸ್ತ್ರಿಯ ಹತ್ತಿರ ಟೈಮಿಂಗ್ ಲೈಟ್ ಇದೆಯಾ ಕೇಳಿ. ಮೊದಲನೇ ಪ್ಲಗ್ಗಿನ ವೈರಿಗೆ ಅದನ್ನು ಸಿಕ್ಕಿಸಿದರೆ ಕಿಡಿ ಬಿದ್ದಾಗಲೆಲ್ಲ ಮಿನುಗುತ್ತದೆ. ಆ ಬೆಳಕಿನಲ್ಲಿ ತಿರುಗುವ ಪುಲ್ಲಿ ಅಥವಾ ಫ್ಲೈವೀಲಿನ ಗುರುತು ನಿಂತಂತೆ ಕಾಣುತ್ತದೆ. ಎಂಜಿನ್ ಕಾದಿರಬೇಕು, ಐಡಲ್ ಸರಿಯಿರಬೇಕು. ಆ ಕಾರಿನ ಪುಸ್ತಕ ಹೇಳಿದರೆ ವ್ಯಾಕ್ಯೂಮ್ ಪೈಪು ತೆಗೆದು ಬಾಯಿ ಮುಚ್ಚಬೇಕು. ಬೋಲ್ಟ್ ಸಡಿಲಿಸುವ ಮೊದಲು ಡಿಸ್ಟ್ರಿಬ್ಯೂಟರ್ ಮತ್ತು ಎಂಜಿನ್ ಎರಡಕ್ಕೂ ಸೇರುವಂತೆ ಒಂದು ಗೆರೆ ಗೀಚಿಡಿ. ತಪ್ಪಿದರೆ ವಾಪಸ್ ಬರಲು ದಾರಿ ಇರುತ್ತದೆ.

ಆಮೇಲೆ ಓಡಿಸಿ ನೋಡುವುದು. ನಾನು ಮಾಡಿದಂತೆ ಬೆಳಿಗ್ಗೆ ತಂಪಿನಲ್ಲಿ ಬೇಡ. ಮಧ್ಯಾಹ್ನ ಎರಡರ ಹೊತ್ತಿಗೆ, ಹಿಂದೆ ಇಬ್ಬರನ್ನು ಕೂರಿಸಿಕೊಂಡು, ಜೇವರ್ಗಿ ರಸ್ತೆಗೆ ಹೋಗಿ. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ, ಕಿಟಕಿ ಇಳಿಸಿ ಕೇಳಿ. ಟಿಕ್ ಟಿಕ್ ಬಂದರೆ ಗಾಡಿ ಪಕ್ಕಕ್ಕೆ ಹಾಕಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ರಿಟಾರ್ಡ್ ಕಡೆಗೆ ತಿರುಗಿಸಿ, ಬೋಲ್ಟ್ ಬಿಗಿ ಮಾಡಿ ಮತ್ತೆ ನೋಡಿ. ನಮ್ಮ ಗಾಡಿಗೆ ಮೂರನೇ ಸಲಕ್ಕೆ ಸದ್ದು ನಿಂತಿತು. ಟೈಮಿಂಗ್ ಲೈಟ್ ಹಾಕಿ ನೋಡಿದರೆ ಗುರುತು ನಿಂತಿದ್ದು ಕಂಪನಿ ಪುಸ್ತಕದಲ್ಲಿ ಬರೆದ ಜಾಗದಲ್ಲೇ.