ನೀವು ಕಟ್ಟಿದ ತೆರಿಗೆ ದಾನ ಅಲ್ಲ

ಪ್ರತಿ ಜುಲೈನಲ್ಲಿ ರಿಟರ್ನ್ಸ್ ತುಂಬಿಸಲು ಬರುವವರಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: "ಅನ್ನಭಾಗ್ಯ, ಗೃಹಲಕ್ಷ್ಮಿ ಎಲ್ಲ ನಡೆಯೋದು ನಮ್ಮ ಟ್ಯಾಕ್ಸ್ ದುಡ್ಡಲ್ಲೇ ಅಲ್ವಾ ಸಾರ್? ಅಂದ್ರೆ ನಾವೂ ದಾನ ಮಾಡಿದ ಹಾಗಾಯ್ತು." ಇನ್ನು ಕೆಲವರು "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ" ಅಂತ ಸಿಟ್ಟಾಗುತ್ತಾರೆ. ಟ್ರಸ್ಟ್‌ಗಳ ಲೆಕ್ಕ, ಜನರ ತೆರಿಗೆ ಎರಡನ್ನೂ ನೋಡುವ ನನಗೆ ಎರಡು ಮಾತೂ ಒಪ್ಪಿಗೆಯಿಲ್ಲ.

ದಾನ ಅಂದರೆ ಇಷ್ಟು. ಒಬ್ಬರು ಅನಾಥಾಶ್ರಮಕ್ಕೆ 10,000 ರೂಪಾಯಿ ಕೊಡುತ್ತಾರೆ, ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿ ತರುತ್ತಾರೆ. ಕೊಡದಿದ್ದರೆ ಯಾರೂ ನೋಟಿಸ್ ಕಳಿಸುತ್ತಿರಲಿಲ್ಲ. ಮುಂದಿನ ವರ್ಷವೂ ಕೊಡಿ ಅಂತ ಆಶ್ರಮದವರು ಕೋರ್ಟಿಗೆ ಹೋಗುವಂತಿಲ್ಲ. ತೆರಿಗೆಗೆ ಈ ಎರಡೂ ಗುಣ ಇಲ್ಲ. ಕಟ್ಟಲೇಬೇಕು, ಕಟ್ಟಿದ ಮೇಲೆ ಅದು ನಿಮ್ಮದಲ್ಲ, ಸರ್ಕಾರದ ಆದಾಯವೆಲ್ಲ ಸೇರುವ ಸಂಚಿತ ನಿಧಿಯದು.

ಸರ್ಕಾರದ ಹೆಸರಿನಲ್ಲೂ ನಿಜವಾದ ದಾನ ನಡೆಯುತ್ತದೆ. 1948ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಬಜೆಟ್‌ನಿಂದ ಒಂದು ಪೈಸೆಯೂ ಹೋಗುವುದಿಲ್ಲ, ಎಲ್ಲ ಜನ ಕೊಟ್ಟಿದ್ದು. ಅದರಲ್ಲಿ ಸಹಾಯ ಕೇಳಿ ಅರ್ಜಿ ಹಾಕಬಹುದು, ಆದರೆ ಸಿಗಲೇಬೇಕು ಅಂತ ಹಟ ಹಿಡಿಯುವಂತಿಲ್ಲ. ರೇಷನ್ ಅಕ್ಕಿ ಹಾಗಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದವರಿಗೆ (ಬಿಪಿಎಲ್ ಕಾರ್ಡಿನವರಿಗೆ) ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ ಹಕ್ಕು. ಸರ್ಕಾರ ಕೊಡದಿದ್ದರೆ ಬದಲಿಗೆ ಭತ್ಯೆ ಕೊಡಬೇಕು. ಕೊಡದಿದ್ದರೆ ದೂರು ಹಾಕಬಹುದಾದದ್ದನ್ನು ದಾನ ಅನ್ನೋದು ಹೇಗೆ?

ನನಗೆ ಬೇಸರ ತರಿಸುವುದು ಹೆಸರುಗಳು. ಅನ್ನಭಾಗ್ಯ, ಕ್ಷೀರಭಾಗ್ಯ, ಕೃಷಿಭಾಗ್ಯ. ಹಕ್ಕಿಗೆ ಭಾಗ್ಯ ಅಂತ ಹೆಸರಿಟ್ಟರೆ ಪಡೆಯುವವರು ಕೈಮುಗಿದೇ ನಿಲ್ಲಬೇಕಾಗುತ್ತದೆ, ಜನರ ಬಾಯಲ್ಲಿ ಅದು ಬಿಟ್ಟಿ ಭಾಗ್ಯ ಆಗುತ್ತದೆ. ಸರ್ಕಾರಿ ನೌಕರರ ಪಿಂಚಣಿ ಯಾರ ಕೃಪೆಯೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ಡಿ.ಎಸ್. ನಕಾರಾ ಪ್ರಕರಣದಲ್ಲಿ ಹೇಳಿತು. ಅದನ್ನು ಇವತ್ತು ಯಾರೂ ಬಿಟ್ಟಿ ಅನ್ನುವುದಿಲ್ಲ. ಕೂಲಿ ಮಾಡಿ ಸವೆದ ಅಜ್ಜಿಗೆ ತಿಂಗಳಿಗೆ ಬರುವ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ ಮಾತ್ರ ಯಾಕೆ ಬಿಟ್ಟಿ? ಆಕೆಯೂ ತೆರಿಗೆ ಕಟ್ಟಿದವಳೇ. ಮೈಸೋಪಿನ ಮೇಲೆ 2025ರ ಸೆಪ್ಟೆಂಬರ್ 21ರವರೆಗೆ ಶೇ. 18 ಜಿಎಸ್‌ಟಿ ಇತ್ತು, 22ರಿಂದ ಶೇ. 5. ಅಂಗಡಿಯಲ್ಲಿ ಅವಳಿಗೂ ನಿಮಗೂ ಒಂದೇ ದರ.

ಯೋಜನೆ ಸರಿಯಿಲ್ಲ, ಸಾಲ ಜಾಸ್ತಿ ಆಗುತ್ತಿದೆ, ಉಳ್ಳವರಿಗೂ ಹೋಗುತ್ತಿದೆ ಅನ್ನಿ, ಧಾರಾಳವಾಗಿ ಅನ್ನಿ. ಅದು ಬಜೆಟ್ಟಿನ ಜಗಳ, ಆ ಜಗಳ ಆಗಲೇಬೇಕು.

ನಮ್ಮ ಆಫೀಸಿನ ಕೆಳಗೆ ಇಸ್ತ್ರಿ ಮಾಡುವ ಅಮ್ಮನಿಗೆ ಹೋದ ವರ್ಷ ನಾಲ್ಕು ತಿಂಗಳು ಪಿಂಚಣಿ ನಿಂತಿತ್ತು. ಅರ್ಜಿ ಬರೆದುಕೊಟ್ಟೆ: ಮಂಜೂರಾತಿ ಆದೇಶದ ಸಂಖ್ಯೆ, ಬಾಕಿ ತಿಂಗಳುಗಳು, ಬರಬೇಕಾದ 4,800 ರೂಪಾಯಿ. ಓದಿ ಹೇಳಿದಾಗ ಆಕೆ, "ಬಡವಳು, ದಯೆ ತೋರಿಸಿ ಅಂತ ಒಂದು ಸಾಲು ಹಾಕಪ್ಪ" ಅಂದರು. "ಬೇಡಮ್ಮ, ಇದು ನಿಮ್ಮ ಬಾಕಿ" ಅಂದೆ. ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತಿದ್ದು, ಆಮೇಲೆ ಹೆಬ್ಬೆಟ್ಟು ಒತ್ತಿದರು.