ಪಾಸಿಟಿವ್ ಬಂದಿದೆ, ಈಗಲೇ ಮಾತ್ರೆ ಕೊಡಬಾರದಾ ಡಾಕ್ಟ್ರೇ?

‘ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಪಾಸಿಟಿವ್’ ಎಂಬ ರಿಪೋರ್ಟ್ ಕೈಗೆ ಬಂದ ತುಂಬು ಗರ್ಭಿಣಿಯರು ಮೊದಲು ಕೇಳುವ ಪ್ರಶ್ನೆ ಇದು. ಬ್ಯಾಕ್ಟೀರಿಯಾ ಇದೆ ಅಂದಮೇಲೆ ಔಷಧಿ ಬೇಕಲ್ವಾ?

ಬೇಕು, ಆದರೆ ಈಗಲ್ಲ. ಇದು ತಾಯಿಯ ಕಾಯಿಲೆಯಲ್ಲ. ಜಗತ್ತಿನಲ್ಲಿ ಹೆಚ್ಚುಕಡಿಮೆ ಐದು ಗರ್ಭಿಣಿಯರಲ್ಲಿ ಒಬ್ಬರ ಕರುಳಿನಲ್ಲೋ ಯೋನಿಯಲ್ಲೋ ಈ ಬ್ಯಾಕ್ಟೀರಿಯಾ ಸುಮ್ನೆ ಇರುತ್ತದೆ. ನೋವಿಲ್ಲ, ಉರಿಯಿಲ್ಲ. ಸ್ವಚ್ಛತೆ ಸಾಲದು ಅಂತಲೂ ಅರ್ಥವಲ್ಲ; ಯಾರಾದರೂ ಹಾಗೆ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇವತ್ತು ಮಾತ್ರೆ ಕೊಟ್ಟರೆ ಸದ್ಯಕ್ಕೆ ಕಡಿಮೆಯಾಗಬಹುದು. ಆದರೆ ಕರುಳಿನಿಂದ ಮತ್ತೆ ಬಂದು ಸೇರಿಕೊಳ್ಳುತ್ತದೆ, ಹೆರಿಗೆ ಹೊತ್ತಿಗೆ ಕಥೆ ಮೊದಲಿನದೇ. ಮೂತ್ರದಲ್ಲಿ ಸೋಂಕು ಆಗಿದ್ದರೆ ಮಾತ್ರ ಆಗಲೇ ಚಿಕಿತ್ಸೆ ಬೇಕು.

ಮಗುವಿಗೆ ಇದು ದಾಟುವುದು ಹೆಚ್ಚಾಗಿ ಹೆರಿಗೆಯ ವೇಳೆಯಲ್ಲಿ. ಅದಕ್ಕೇ ನೋವು ಶುರುವಾದಾಗ, ಇಲ್ಲವೇ ನೀರು ಹೋದಾಗ, ತಾಯಿಯ ರಕ್ತನಾಳಕ್ಕೆ ಪೆನಿಸಿಲಿನ್ ಕೊಡುತ್ತೇವೆ. ಮಗು ಹುಟ್ಟುವವರೆಗೆ 4 ಗಂಟೆಗೊಮ್ಮೆ. ಮೊದಲ ಡೋಸ್ ಹೆರಿಗೆಗೆ ಕನಿಷ್ಠ 4 ಗಂಟೆ ಮೊದಲೇ ಬಿದ್ದಿದ್ದರೆ ರಕ್ಷಣೆ ಚೆನ್ನಾಗಿರುತ್ತದೆ. ಹಾಗಾಗಿ ನೋವು ಜೋರಾಗಲಿ ಅಂತ ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ರಿಪೋರ್ಟ್ ವಿಷಯ ಹೇಳಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಹೇಳಿ. ನೋವು ಬರುವ ಮೊದಲೇ, ನೀರು ಹೋಗದೆ, ಸಿಸೇರಿಯನ್ ಆದರೆ ಇದಕ್ಕಾಗಿಯೇ ಆ್ಯಂಟಿಬಯಾಟಿಕ್ ಬೇಕಿಲ್ಲ.

ಅಮೆರಿಕದಲ್ಲಿ 36–37 ವಾರಕ್ಕೆ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಹುಟ್ಟಿದ ಮೊದಲ ವಾರದ ಸೋಂಕು 1990ರ ಆಸುಪಾಸಿನಲ್ಲಿ 1000 ಶಿಶುಗಳಿಗೆ ಸುಮಾರು 1.8 ಇತ್ತು. 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ಬ್ರಿಟನ್‌ನಲ್ಲಿ ಎಲ್ಲರಿಗೂ ಪರೀಕ್ಷೆ ಇಲ್ಲ, ಅಪಾಯದ ಲಕ್ಷಣ ನೋಡಿ ಔಷಧಿ ಕೊಡುತ್ತಾರೆ: ಅವಧಿಗೆ ಮುಂಚಿನ ಹೆರಿಗೆ, ತಾಯಿಗೆ ಜ್ವರ, ಹಿಂದಿನ ಮಗುವಿಗೆ ಇದೇ ಸೋಂಕು ಬಂದಿದ್ದು, ಹೀಗೆ.

ಇಷ್ಟಾದರೂ ಮಗುವಿನ ಮೇಲೆ ಕಣ್ಣಿರಲೇಬೇಕು. ಮೊದಲ ವಾರದ ಸೋಂಕು ಬಹುಪಾಲು ಮೊದಲ 24 ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಜ್ವರ ಬಂದೇ ಬರುತ್ತದೆ ಅಂದುಕೊಳ್ಳಬೇಡಿ, ಎಷ್ಟೋ ಶಿಶುಗಳ ಮೈ ತಣ್ಣಗಾಗುತ್ತದೆ. ಬಟ್ಟೆ ಸರಿಸಿ ಎದೆ ನೋಡಿ. ಉಸಿರು ನಿಮಿಷಕ್ಕೆ 60 ದಾಟಿದೆಯಾ? ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದೆಯಾ? ಉಸಿರು ಬಿಡುವಾಗಲೆಲ್ಲ ಸಣ್ಣಗೆ ನರಳುತ್ತಿದೆಯಾ? ಇವಕ್ಕಿಂತ ಮೋಸದ ಲಕ್ಷಣ ಇನ್ನೊಂದಿದೆ. ಹಾಲು ಕುಡಿಯುತ್ತಿದ್ದ ಮಗು ಎಬ್ಬಿಸಿದರೂ ಬಾಯಿ ಹಾಕುವುದಿಲ್ಲ. ‘ಪಾಪ, ಎಷ್ಟು ಸಾಧು, ಅಳೋದೇ ಇಲ್ಲ’ ಅಂತ ಮನೆಯವರು ಮೆಚ್ಚಿಕೊಳ್ಳುತ್ತಾರೆ. ನನಗೆ ಆ ಮಾತು ಕೇಳಿದರೇ ಭಯ.

ಒಂದು ವಾರದಿಂದ ಮೂರು ತಿಂಗಳವರೆಗೆ ಬರುವ ಸೋಂಕೂ ಇದೆ. ಹೆರಿಗೆ ವೇಳೆ ಕೊಟ್ಟ ಪೆನಿಸಿಲಿನ್ ಇದನ್ನು ತಡೆಯುವುದಿಲ್ಲ, ಮಿದುಳಿನ ಪೊರೆಗೆ ಸೋಂಕು ತಗುಲುವುದು ಇದರಲ್ಲೇ ಜಾಸ್ತಿ. ಎದೆಹಾಲು ನಿಲ್ಲಿಸಬೇಕಿಲ್ಲ. ಆದರೆ ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಹಾಕಿ ಬೆಳಗಾಗಲಿ ಅಂತ ಕೂರಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಕರೆದುಕೊಂಡು ಬನ್ನಿ.