ಟ್ಯೂಬಿನಲ್ಲಿ ಹಾಲಿನಂತೆ ಕಂಡ ರಕ್ತ

ಲ್ಯಾಬಿನ ಹುಡುಗಿ ಟ್ಯೂಬ್ ಹಿಡಿದುಕೊಂಡೇ ನನ್ನ ಕೋಣೆಗೆ ಬಂದಳು. "ಸಾರ್, ಒಂದ್ಸಲ ಇದನ್ನ ನೋಡಿ." ಕೆಳಗೆ ಕೆಂಪು ರಕ್ತ ಕೂತಿತ್ತು. ಮೇಲೆ ತಿಳಿ ಹಳದಿ ನೀರು ಇರಬೇಕಾದ ಕಡೆ ಗಟ್ಟಿ ಹಾಲಿನಂಥದ್ದು ನಿಂತಿತ್ತು. ಟ್ರೈಗ್ಲಿಸರೈಡ್ 1,840.

ಅದು 42 ವರ್ಷದ ಲಾರಿ ಚಾಲಕರೊಬ್ಬರ ರಕ್ತ. ಕಾಲು ಜೋಮು ಹಿಡಿಯುತ್ತದೆ ಅಂತ ಬಂದಿದ್ದರು. ಸಕ್ಕರೆ ಕಾಯಿಲೆ ಇದೆ ಅನ್ನುವುದೂ ಅವತ್ತೇ ಗೊತ್ತಾಯಿತು. "ಹೊಟ್ಟೆ ನೋವಿಲ್ಲ, ಎದೆ ನೋವಿಲ್ಲ. ಇದೆಲ್ಲ ಯಾಕೆ ಸಾರ್?" ಅಂದರು. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ, "ಸಂಜೆ ಕುಡೀತಾರೆ ಸಾರ್" ಅಂದರು.

ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು. 150ರ ಒಳಗಿದ್ದರೆ ಸರಿ. 200 ದಾಟಿದರೆ ಜಾಸ್ತಿ. 500ರವರೆಗೂ ನಮಗೆ ಹೃದಯದ್ದೇ ಚಿಂತೆ. 500 ದಾಟಿತೋ, ಮೇದೋಜೀರಕ ಗ್ರಂಥಿಯ ಚಿಂತೆ ಶುರು. 1,000 ದಾಟಿದ ಮೇಲಂತೂ ಆ ಗ್ರಂಥಿ ಯಾವಾಗ ಬೇಕಾದರೂ ಊದಿಕೊಳ್ಳಬಹುದು. ಹಾಗೆ ಊದಿಕೊಂಡವರು ಐಸಿಯುನಲ್ಲಿ ದಿನಗಟ್ಟಲೆ ನರಳುವುದನ್ನು ನೋಡಿದ್ದೇನೆ. ಅದಕ್ಕೇ ನೋವಿಲ್ಲದಿದ್ದರೂ ಅವತ್ತೇ ಚಿಕಿತ್ಸೆ ಶುರು ಮಾಡಿದೆ.

ಇಂಥವರಿಗೆ ನಾವು ಸಾಮಾನ್ಯವಾಗಿ ಬರೆಯುವ ಮಾತ್ರೆ ಫೆನೋಫೈಬ್ರೇಟ್. ಟ್ರೈಗ್ಲಿಸರೈಡನ್ನು ಶೇಕಡಾ 30ರಿಂದ 50ರಷ್ಟು ಇಳಿಸುತ್ತದೆ. ಲೆಕ್ಕ ಹಾಕಿ ನೋಡಿ. 1,840ರಲ್ಲಿ ಅರ್ಧ ಹೋದರೂ 920 ಉಳಿಯಿತು! ಮಾತ್ರೆಯೊಂದರಿಂದಲೇ ಆಗುವ ಕೆಲಸವಲ್ಲ ಇದು. ರಕ್ತದ ಕೊಬ್ಬನ್ನು ಕರಗಿಸುವ ಒಂದು ಕಿಣ್ವ ನಮ್ಮ ಮೈಯಲ್ಲಿದೆ. ಅದು ಸರಿಯಾಗಿ ಕೆಲಸ ಮಾಡಲು ಇನ್ಸುಲಿನ್ ಬೇಕು. ಸಕ್ಕರೆ ಏರಿದ್ದ ಈ ಚಾಲಕರಿಗೆ ಮಾತ್ರೆಗಿಂತ ಜಾಸ್ತಿ ಉಪಕಾರ ಮಾಡಿದ್ದು ಇನ್ಸುಲಿನ್ ಇಂಜೆಕ್ಷನ್ನು.

ಇನ್ನೊಂದು ಅಡುಗೆಮನೆಯ ಕೆಲಸ. 1,000 ಮೇಲಿದ್ದಾಗ ಆ ಕಿಣ್ವಕ್ಕೆ ಇರುವ ಕೊಬ್ಬನ್ನೇ ಕರಗಿಸಲು ಪುರಸೊತ್ತಿರುವುದಿಲ್ಲ. ಊಟದಿಂದ ಹೊಸ ಕೊಬ್ಬು ಬಂದರೆ ಹಾಗೇ ಉಳಿಯುತ್ತದೆ. ಮೊದಲ ಕೆಲವು ವಾರ ದಿನಕ್ಕೆ ಎಲ್ಲ ಸೇರಿ 20-25 ಗ್ರಾಂ ಕೊಬ್ಬು ಸಾಕು. ಒಂದು ಟೀ ಚಮಚ ಎಣ್ಣೆ ಅಂದರೇ ಸುಮಾರು 5 ಗ್ರಾಂ. ಒಗ್ಗರಣೆ, ಕಾಯಿ ಚಟ್ನಿ, ಹಾಲಿನ ಕೆನೆ ಎಲ್ಲವೂ ಆ ಲೆಕ್ಕದೊಳಗೇ. "ತೆಂಗಿನಕಾಯಿ ಇಲ್ದೆ ಸಾರು ಹೇಗೆ ಮಾಡ್ಲಿ?" ಅಂತ ಹೆಂಡತಿ ಕೇಳಿದರು. ಬೇಳೆ ಕಟ್ಟಿನ ತಿಳಿಸಾರು ಮಾಡಿ ಅಂದೆ. ಜೊತೆಗೆ ಸಕ್ಕರೆ, ಕೂಲ್ ಡ್ರಿಂಕ್ಸ್ ಬಂದ್. ಕುಡಿತ ಪೂರ್ತಿ ಬಂದ್. ಇದರಲ್ಲಿ ನಾನು ಚೌಕಾಸಿಗೆ ಇಳಿಯುವುದಿಲ್ಲ.

"ಮೀನೆಣ್ಣೆ ಕ್ಯಾಪ್ಸೂಲ್ ತಗೊಳ್ತಿದ್ದೀನಲ್ಲ ಡಾಕ್ಟ್ರೇ?" ಅಂತ ತುಂಬ ಜನ ಕೇಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ 1,000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಟ್ರೈಗ್ಲಿಸರೈಡ್ ಇಳಿಸುವ ನಿಜವಾದ ಒಮೇಗಾ-3 ಸಾಮಾನ್ಯವಾಗಿ 300 ಮಿಲಿಗ್ರಾಂ ಅಷ್ಟೇ. ಚಿಕಿತ್ಸೆಗೆ ನಾವು ಬರೆಯುವುದು ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಒಮೇಗಾ-3 ಔಷಧಿ. ಅಂಗಡಿಯ ಕ್ಯಾಪ್ಸೂಲಿನಿಂದ ಅಷ್ಟು ಪಡೆಯಬೇಕಾದರೆ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ನುಂಗಬೇಕು. ಸುಮ್ನೆ ದುಡ್ಡು ದಂಡ. ಬರೆದುಕೊಡುವ ಔಷಧಿಯೂ ಎಲ್ಲರಿಗಲ್ಲ. ದೊಡ್ಡ ಡೋಸಿನಲ್ಲಿ ಕೆಲವರ ಹೃದಯದ ಬಡಿತ ತಪ್ಪುತ್ತದೆ.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಹೃದಯಕ್ಕೆ ಬೇಕು, ಆದರೆ ಇಷ್ಟು ಏರಿದ ಟ್ರೈಗ್ಲಿಸರೈಡಿಗೆ ಅದೊಂದೇ ಸಾಲದು. ಅದರ ಜೊತೆ ಫೆನೋಫೈಬ್ರೇಟ್ ಕೊಡುತ್ತೇವೆ. ಅದೇ ಜಾತಿಯ ಜೆಮ್‌ಫೈಬ್ರೋಜಿಲ್ ಕೊಡುವುದಿಲ್ಲ, ಸ್ಟ್ಯಾಟಿನ್ ಜೊತೆ ಸೇರಿದರೆ ಮಾಂಸಖಂಡಗಳಿಗೆ ಏಟು ಬೀಳಬಹುದು. ಫೆನೋಫೈಬ್ರೇಟ್ ಶುರು ಮಾಡುವ ಮೊದಲು ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ನೋಡಲೇಬೇಕು. ಕಿಡ್ನಿ ಸೋತಿದ್ದರೆ ಡೋಸು ಇಳಿಸಬೇಕು, ಕೆಲವರಿಗೆ ಕೊಡಲೇಬಾರದು. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸ್ಟೀರಾಯ್ಡ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಈಸ್ಟ್ರೊಜನ್ ಇರುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಇವೂ ಕೊಬ್ಬು ಏರಿಸುತ್ತವೆ.

250 ಇರುವವರಿಗೂ ಇದೇ ಮಾತ್ರೆ ಬೇಕಾ? ನಾನು ಅವಸರ ಮಾಡುವುದಿಲ್ಲ. 2022ರಲ್ಲಿ ಪ್ರಕಟವಾದ ಪ್ರಾಮಿನೆಂಟ್ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಕ್ಕರೆ ರೋಗಿಗಳಿದ್ದರು. ಫೆನೋಫೈಬ್ರೇಟ್ ಜಾತಿಯದೇ ಆದ ಪೆಮಾಫೈಬ್ರೇಟ್ ಅವರ ಟ್ರೈಗ್ಲಿಸರೈಡ್ ಇಳಿಸಿತು, ಹೃದಯಾಘಾತ ಮಾತ್ರ ಕಮ್ಮಿ ಆಗಲಿಲ್ಲ. 1,800ರ ಲೆಕ್ಕವೇ ಬೇರೆ. ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಮೇದೋಜೀರಕ ಗ್ರಂಥಿಯನ್ನು.

ಅಪರೂಪಕ್ಕೆ ಕೆಲವರಿಗೆ ಆ ಕಿಣ್ವವೇ ಹುಟ್ಟಿನಿಂದ ಕೆಲಸ ಮಾಡುವುದಿಲ್ಲ. ಅವರ ಮೇಲೆ ಫೆನೋಫೈಬ್ರೇಟ್ ಪ್ರಭಾವ ತೀರಾ ಕಮ್ಮಿ. ಅವರಿಗಾಗಿ ಒಲೆಜಾರ್ಸೆನ್ ಎಂಬ ಇಂಜೆಕ್ಷನ್‌ಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಚಾಲಕರು ಮೂರು ತಿಂಗಳಾದ ಮೇಲೆ ಬಂದಾಗ 240 ಇತ್ತು. "ಇನ್ನು ಮಾತ್ರೆ ಬಿಡಬಹುದಲ್ವಾ ಸಾರ್?" ಅಂದರು. ಬೇಡ ಅಂದೆ. ಮಾತ್ರೆ ಬಿಟ್ಟು, ಜೊತೆಗೆ ಕುಡಿತವನ್ನೂ ಶುರು ಮಾಡಿದವರು ಆರೇ ವಾರದಲ್ಲಿ ಸಾವಿರ ದಾಟಿ ಬಂದದ್ದನ್ನು ಕಂಡಿದ್ದೇನೆ.

ಅವರ ಚೀಟಿಯ ಹಿಂದೆ ಒಂದು ಮಾತು ಬರೆದುಕೊಟ್ಟೆ: ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹರಿದರೆ, ಜೊತೆಗೆ ವಾಂತಿಯಾದರೆ, ಗ್ಯಾಸ್ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಟ್ರೈಗ್ಲಿಸರೈಡ್ ಜಾಸ್ತಿ ಇತ್ತು ಅಂತ ಮೊದಲೇ ಹೇಳಿ. ರಕ್ತ ಹಾಲಿನಂತಿದ್ದಾಗ, ಮೇದೋಜೀರಕ ಗ್ರಂಥಿಯ ಊತ ಹಿಡಿಯಲು ಮಾಡುವ ಅಮೈಲೇಸ್ ಪರೀಕ್ಷೆ ಸುಳ್ಳೇ ನಾರ್ಮಲ್ ತೋರಿಸಬಹುದು. ಅದೇ ಊತಕ್ಕೆ ಮಾಡುವ ಲೈಪೇಸ್ ಪರೀಕ್ಷೆ ಕೂಡ ಮಾಡಿಸಿ ಅಂತ ಕೇಳಿ.